ಧಾರವಾಡದ ಗುರುತಿನಲ್ಲಿ ಕಡಪ

ಕುರುಗೋಡಿನ ಕೊಟ್ಟೂರಪ್ಪನವರು ರೇಡಿಯೋವನ್ನು ಜೀಪಿನ ಮುಂದಿನ ಸೀಟಿನಲ್ಲಿ ಕೂಡಿಸಿ, ಹೆಂಡತಿಯನ್ನು ಹಿಂದಿನ ಸೀಟಿಗೆ ಕಳಿಸಿ, ಶನಿವಾರ ಬೆಳಿಗ್ಗೆ ಕೌಲ್ ಬಜಾರಿನ ನಮ್ಮ ಅಂಗಡಿಗೆ ಬಂದರು. ಅವರ ತಂದೆ ಕೊಂಡಿದ್ದ ವಾಲ್ವ್ ರೇಡಿಯೋ ಅದು, ತೇಗದ ಪೆಟ್ಟಿಗೆಯದು. ಎಂಟು ದಿನದ ಹಿಂದಷ್ಟೇ ನಮ್ಮಲ್ಲಿ ರಿಪೇರಿಯಾಗಿ ಹೋಗಿತ್ತು. ಅದನ್ನು ತಾವೇ ಎತ್ತಿ ತಂದು ಕೌಂಟರಿನ ಮೇಲಿಟ್ಟು ಬೆವರು ಒರೆಸಿಕೊಂಡರು.

"ದಾದಾಪೀರಣ್ಣ, ಮುಳ್ಳು ಧಾರವಾಡದ ಮ್ಯಾಲಿಟ್ರ ಕಡಪ ಮಾತಾಡಾಕತ್ತೈತಿ," ಅಂದರು. "ನಮ್ಮವ್ವ ಎಂಟು ದಿನ ಸುಮ್ನ ಕೇಳ್ಯಾಳ. ಧಾರವಾಡದೋರು ಯಾವಾಗ ತೆಲುಗು ಕಲಿತ್ರು ಅಂತ ನಿನ್ನೆ ನನ್ನ ಕೇಳಿದ್ಲು."

ಇಂಥದ್ದು ಬಳ್ಳಾರಿ ಸೀಮೆಯಲ್ಲಿ ಮಾತ್ರ ಆದೀತು. ನಮ್ಮ ಬಾಯಲ್ಲಿ ಕನ್ನಡ, ತೆಲುಗು, ಉರ್ದು ಎಲ್ಲವೂ ಒಂದೇ ಉಸಿರಿನಲ್ಲಿ ಬರುತ್ತವೆ. ರೇಡಿಯೋ ತೆಲುಗಿನಲ್ಲಿ ಮಾತಾಡಿದರೆ ಕೇಳುವವರು ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ ಮೂವತ್ತೈದು ವರ್ಷದಿಂದ ರೇಡಿಯೋ ರಿಪೇರಿ ಮಾಡುವ ನನ್ನ ತಂದೆ ದಾದಾಪೀರ್ ತಲೆ ಕೆಡಿಸಿಕೊಳ್ಳಬೇಕಿತ್ತು. ಅಬ್ಬಾ ಕೊಟ್ಟೂರಪ್ಪನವರ ಮುಖವನ್ನೇ ನೋಡುತ್ತಾ ನಿಂತು, ನಕ್ಕು, "ಆಗ್ಲಿ ಬಿಡ್ರಿ, ಇನ್ನೊಂದು ಕೈ ಪಾಲಿಶ್ ಹೊಡೀತೀನಿ," ಅಂದರು.

ಕೊಟ್ಟೂರಪ್ಪನವರು ಅದನ್ನು ತಮಾಷೆ ಎಂದುಕೊಂಡು ಜೋರಾಗಿ ನಕ್ಕರು. ಅದಿರು ಸಾಗಿಸುವ ಅವರ ಎರಡು ಟಿಪ್ಪರ್ ಹತ್ತಾಗಿದ್ದ ವರ್ಷ ಅದು, ಅವರಿಗೆ ಎಲ್ಲದಕ್ಕೂ ನಗು ಬರುತ್ತಿತ್ತು. ಹೊರಡುವಾಗ ನನ್ನ ಕಡೆ ತಿರುಗಿದರು. "ನಾಡಿದ್ದಲ್ಲ, ಅದರ ಮುಂದಿನ ಸೋಮವಾರ ಹೊಸಾ ಮನಿಗೆ ಹೋಗಾದೈತಿ ಫರ್ಜಾನಮ್ಮ. ಅವತ್ತು ಸಂಜಿ ರೇಡಿಯೋ ಹಾಡ್ಬೇಕು ಅಂತ ನಮ್ಮವ್ವ ಹಟ ಹಿಡಿದಾಳ. ಮಂದಿ ಎಲ್ಲಾ ಇರ್ತಾರ. ಅಣ್ಣನ್ನ ನೀವ ಕರ್ಕೊಂಡು ಬಂದು ಹಚ್ಚಿಸಿ ಕೊಡ್ರಿ."

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಜೀಪು ಸಂದು ದಾಟುವ ತನಕ ತಡೆದುಕೊಂಡು ಅಬ್ಬಾನ ಮೇಲೆ ಹರಿಹಾಯ್ದೆ. ಗುಂಡಿ ತಿರುಗಿಸಿದರೆ ಮುಳ್ಳನ್ನು ಎಳೆಯುವ ಡಯಲ್ ದಾರವನ್ನು ಹೊಸದಾಗಿ ಕಟ್ಟಿದ ಮೇಲೆ ಒಂದು ಗೊತ್ತಿರುವ ಸ್ಟೇಷನ್ ಹಿಡಿದು, ಆ ಸ್ಟೇಷನ್ನಿನ ಗುರುತಿಗೆ ಸರಿಯಾಗಿ ಮುಳ್ಳನ್ನು ದಾರಕ್ಕೆ ಸಿಕ್ಕಿಸಬೇಕು. ನನಗೆ ಒಂಬತ್ತನೇ ವಯಸ್ಸಿನಲ್ಲಿ ಅದನ್ನು ಕಲಿಸಿದ್ದು ಇದೇ ಅಬ್ಬಾ. ಕಡಪ ಹಿಡಿದು ಧಾರವಾಡ ಅಂತ ಸಿಕ್ಕಿಸಿದ್ದೀರಲ್ಲ, ಕಿವಿ ಎಲ್ಲಿಟ್ಟಿದ್ದಿರಿ ಅಂದೆ. ಅಬ್ಬಾ ನನಗೆ ಬೆನ್ನು ಹಾಕಿ ಬ್ರಶ್ ತೊಳೆಯುತ್ತಿದ್ದರು. ಉತ್ತರ ಕೊಡಲಿಲ್ಲ. ಕೆಲಸಕ್ಕೆ ಕೂತರೆ ಉತ್ತರ ಕೊಡದಿರುವುದು ಅವರ ಹಳೆಯ ಚಾಳಿ ಅಂತ ನಾನೂ ಬಿಟ್ಟೆ.

ಅವರು ನಮಾಜಿಗೆ ಹೋದಾಗ ರೇಡಿಯೋದ ಹಿಂದಿನ ಮುಚ್ಚಳ ಬಿಚ್ಚಿದೆ. ಎಂಟೇ ದಿನಕ್ಕೆ ಒಳಗೆಲ್ಲ ಕೆಂಪು ಧೂಳು. ಕುರುಗೋಡಿನ ರಸ್ತೆಯಲ್ಲಿ ಆಗ ಅದಿರಿನ ಲಾರಿಗಳು ಇರುವೆ ಸಾಲಿನ ಹಾಗೆ ಓಡುತ್ತಿದ್ದವು. ಅನ್ನದ ಮೇಲೂ ಧೂಳು, ಹಾಸಿಗೆಯ ಮೇಲೂ ಧೂಳು. ಸ್ಪೀಕರಿನ ಅಯಸ್ಕಾಂತಕ್ಕೆ ಆ ಧೂಳು ಮೀಸೆ ಕಟ್ಟಿದಂತೆ ಅಂಟಿಕೊಂಡಿತ್ತು. ಅದನ್ನು ಒರೆಸುತ್ತಿರುವಾಗ ಒಳಗಡೆ ಅಂಟಿಸಿದ್ದ ಚೀಟಿ ಕಂಡಿತು.

ಅಬ್ಬಾನದು ಒಂದು ಪದ್ಧತಿ. ರಿಪೇರಿ ಮುಗಿದು ಮುಚ್ಚಳ ಹಾಕುವ ಮುಂಚೆ, ಆ ರೇಡಿಯೋದಿಂದ ಮೊದಲು ಬಂದ ಮಾತನ್ನು ತಾರೀಕಿನ ಸಮೇತ ಚೀಟಿಯಲ್ಲಿ ಬರೆದು ಒಳಗೆ ಅಂಟಿಸುತ್ತಾರೆ. ಯಾಕೆ ಅಂತ ಕೇಳಿದರೆ, ಹುಟ್ಟಿದ ಕೂಸಿನ ಮೊದಲ ಅಳು ಯಾರಾದರೂ ಕೇಳಿಸಿಕೊಳ್ಳಬೇಕಲ್ಲ ಅನ್ನುತ್ತಿದ್ದರು. ಹಳೆಯ ಚೀಟಿಗಳನ್ನು ಓದುವುದೇ ನನಗೆ ಚಿಕ್ಕಂದಿನಲ್ಲಿ ಆಟವಾಗಿತ್ತು. 'ಭತ್ತಕ್ಕೆ ಜಿಗಿಹುಳು ಬಿದ್ದರೆ ಹೊಡೆಯುವ ಔಷಧಿ.' 'ಡ್ಯಾಮಿನ ನೀರಿನ ಮಟ್ಟ.' 'ಒಬ್ಬ ಹೆಣ್ಣುಮಗಳು ನಗುತ್ತಿದ್ದಾಳೆ, ಯಾಕೋ ತಿಳಿಯದು.' ಈ ಚೀಟಿಯಲ್ಲಿ ಬರೆದದ್ದು 'ಧಾರವಾಡ. ವಾರ್ತೆ' ಅಂತ. ಕಪಾಟಿನಲ್ಲಿ ರಿಪೇರಿಯಾಗಿ ಕೂತಿದ್ದ ಇನ್ನೂ ನಾಲ್ಕು ರೇಡಿಯೋಗಳ ಮುಚ್ಚಳ ತೆಗೆದೆ. ನಾಲ್ಕು ಬೇರೆ ಬೇರೆ ತಾರೀಕು. ನಾಲ್ಕರಲ್ಲೂ 'ಧಾರವಾಡ. ವಾರ್ತೆ.'

ಕೇಳದೆಯೇ ಬರೆಯುತ್ತಿದ್ದಾರೆ ಅನ್ನುವಷ್ಟು ನನಗೆ ಹೊಳೆಯಿತು. ಯಾಕೆ ಅನ್ನುವುದು ಹೊಳೆಯಲಿಲ್ಲ. ಮೈಗಳ್ಳತನ ಅಂದುಕೊಂಡೆ, ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಹೊಸ ಸಾಹುಕಾರರಿಗೆಲ್ಲ ಆಗ ವಾಲ್ವ್ ರೇಡಿಯೋದ ಹುಚ್ಚು ಹಿಡಿದಿತ್ತು, ಮನೆಯ ಹಾಲ್‌ನಲ್ಲಿ ಶೋಕಿಗೆ ಇಡಲು. ಮಿಂಚಿದರೆ ಸಾಕು, ಮಾತಾಡದಿದ್ದರೂ ನಡೆಯುತ್ತದೆ ಅಂತ ಅಬ್ಬಾ ಕೂಡ ಅವರ ದಾರಿ ಹಿಡಿದರೇನೋ ಎಂದು ನೊಂದುಕೊಂಡೆ.

ಮಾರನೇ ದಿನ ಭಾನುವಾರ. ಜನವರಿಯಲ್ಲಿ ಅಬ್ಬಾ ಸಿರುಗುಪ್ಪದ ಹಂಪಯ್ಯನವರಿಗೆ ಒಂದು ರೇಡಿಯೋ ರಿಪೇರಿ ಮಾಡಿ ಕೊಟ್ಟಿದ್ದರು. ಅದರ ಗತಿ ಏನಾಗಿದೆ ನೋಡೋಣ ಅಂತ ಬಸ್ಸು ಹತ್ತಿದೆ. ಹಂಪಯ್ಯನವರು ಅಕ್ಕಿ ಗಿರಣಿಯಲ್ಲಿ ಗುಮಾಸ್ತರು, ಅಬ್ಬಾನ ಇಪ್ಪತ್ತು ವರ್ಷದ ಗಿರಾಕಿ. ನಾನು ಕಾರಣ ಹೇಳುವ ಮೊದಲೇ ಚಹಾ ತರಿಸಿದರು.

"ಮುಳ್ಳು ಸರಿ ಇರ್ಲಿಲ್ಲಮ್ಮ, ನಾನ ಸರಿಸ್ಕೊಂಡೆ," ಅಂದರು.

"ಹೇಳ್ಬೇಕಿತ್ತಲ್ರಿ ಕಾಕಾ."

"ಹೆಂಗ ಹೇಳ್ಲಿ? ರೇಡಿಯೋ ಕೊಡುವಾಗ ನಿಮ್ಮಪ್ಪ ವಾಲ್ಯೂಮ್ ಪೂರಾ ತಿರುವಿ, ಪೆಟ್ಟಿಗಿ ಮ್ಯಾಲೆ ಅಂಗೈ ಇಟ್ಟು ನಿಂತಿದ್ದ. ನನ್ನ ಕಿವಿ ಹರ್ಕೊಂಡು ಹೋಗಾಕತ್ತಿತ್ತು, ಅವಂಗ ಖಬರಿಲ್ಲ. ಅವಾ ಕೈಯಿಂದ ಕೇಳಾಕತ್ತಿದ್ದ ತಾಯಿ." ಹಂಪಯ್ಯನವರು ಲೋಟ ಕೆಳಗಿಟ್ಟರು. "ನಾ ಬಾಯಿ ಬಿಟ್ರ ಅವಾ ಅಂಗಡಿ ಮುಚ್ತಾನ ಅಂತ ಸುಮ್ನಾದೆ. ಮನ್ಯಾಗ ನಿಮಗ ಗೊತ್ತಿರ್ಬೇಕು ಅಂತಿದ್ದೆ."

ಮನೆಯಲ್ಲಿ ನನಗೆ ಗೊತ್ತಿರಲಿಲ್ಲ. ಡಿಪ್ಲೊಮಾ ಕಾಲೇಜಿನ ಲ್ಯಾಬಿನಲ್ಲಿ ಹುಡುಗರಿಗೆ ಎಲೆಕ್ಟ್ರಾನಿಕ್ಸ್ ಹೇಳಿಕೊಡುತ್ತೇನೆ, ಕಣ್ಣಿಗೆ ಕಾಣದ ಅಲೆಗಳ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತೇನೆ. ಎದುರಿಗೆ ಕೂತು ಊಟ ಮಾಡುವ ಮನುಷ್ಯನಿಗೆ ಕೇಳಿಸುವುದಿಲ್ಲ ಅನ್ನುವುದು ಸಿರುಗುಪ್ಪದ ಗುಮಾಸ್ತರಿಂದ ತಿಳಿಯಬೇಕಾಯಿತು. ವಾಪಸು ಬರುವ ಬಸ್ಸಿನಲ್ಲಿ ಕಿಟಕಿಗೆ ಮುಖ ಮಾಡಿ ಅತ್ತೆ.

ಒಂದೊಂದೇ ನೆನಪಾಯಿತು. ಟಿವಿ ಬಂದು ರೇಡಿಯೋ ಕೆಲಸ ನಿಂತಾಗ ಅಬ್ಬಾ ನಾಲ್ಕು ವರ್ಷ ಒಂದು ಅದಿರಿನ ಕ್ರಷರಿನಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದರು. ಹಗಲೆಲ್ಲ ಕಲ್ಲು ಪುಡಿಯಾಗುವ ಸದ್ದಿನ ನಡುವೆ ಬರಿಗಿವಿಯಲ್ಲಿ ನಿಂತ ಕೆಲಸ. ಮತ್ತೆ ರೇಡಿಯೋ ಕೇಳುವವರು ಬರುತ್ತಿದ್ದಾರೆ ಅಂತ ತಿಳಿದಾಗ, ಎರಡು ವರ್ಷದ ಹಿಂದೆ, ಆ ಕೆಲಸ ಬಿಟ್ಟು ಅಂಗಡಿಯ ಬೀಗ ತೆಗೆದರು. ಅವತ್ತು ಅವರು ಮದುಮಗನ ಹಾಗೆ ಹೊಸ ಅಂಗಿ ಹಾಕಿಕೊಂಡಿದ್ದರು. ಇನ್ನೊಂದು, ಮೂರು ತಿಂಗಳ ಹಿಂದಿನದು. ಎಂಟು ತಿಂಗಳು ಕೂತು ನಾನು ಹೊಸ ನಮೂನೆಯ ಒಂದು ರಿಸೀವರ್ ಕಟ್ಟಿದ್ದೆ. ಸೋಪಿನ ಡಬ್ಬಿಯಷ್ಟು ಬೋರ್ಡು. ಮುಳ್ಳಿಲ್ಲ, ದಾರವಿಲ್ಲ. ಆಂಟೆನಾಕ್ಕೆ ಬಂದದ್ದನ್ನು ಲ್ಯಾಪ್‌ಟಾಪಿಗೆ ಕೊಡುತ್ತದೆ, ಉಳಿದದ್ದನ್ನು ಲ್ಯಾಪ್‌ಟಾಪೇ ಲೆಕ್ಕ ಹಾಕಿ ಮಾಡುತ್ತದೆ. ಅದನ್ನು ಅಂಗಡಿಗೆ ಒಯ್ದು ಹಾಡು ಹಚ್ಚಿ ಅಬ್ಬಾನ ಮುಖ ನೋಡಿದೆ. ಅವರು ಒಂದು ಗಳಿಗೆ ನಿಂತು, ಚಹಾ ಕುಡಿದು ಬರುತ್ತೇನೆ ಅಂತ ಹೊರಟುಹೋದರು. ನನ್ನ ಕೆಲಸ ಅವರ ಲೆಕ್ಕಕ್ಕೇ ಇಲ್ಲ ಅಂತ ನಾನು ತಿಂಗಳಿಡೀ ಮುಖ ಊದಿಸಿಕೊಂಡಿದ್ದೆ. ಹೇಗಿದೆ ಅಂತ ನಾನು ಕೇಳಿಬಿಡುತ್ತೇನೆ ಎಂದು ಹೆದರಿ ಹೋಗಿದ್ದರು, ಪಾಪ.

ಮನೆಗೆ ಬಂದಾಗ ಅಬ್ಬಾ ಕಟ್ಟೆಯ ಮೇಲೆ ಕೂತಿದ್ದರು. ಬೆನ್ನ ಹಿಂದೆ ನಿಂತು, "ಅಬ್ಬಾ," ಅಂದೆ. ಜೋರಾಗಿ ಇನ್ನೊಮ್ಮೆ ಕರೆದೆ. ಒಳಗಿನಿಂದ ಅಮ್ಮಿ ಸರಸರ ಬಂದು ನನ್ನ ಕೈ ಹಿಡಿದು ಅಡುಗೆಮನೆಗೆ ಎಳೆದಳು.

"ಹಿಂದಿನಿಂದ ಕರೀಬ್ಯಾಡ. ಮುಟ್ಟಿ ಕರಿ."

"ನಿನಗೆ ಗೊತ್ತಿತ್ತಾ ಅಮ್ಮಿ?"

"ಎರಡು ವರ್ಷ ಆತು. ನಿನಗ ಹೇಳ್ಬಾರ್ದು ಅಂತ ಆಣಿ ಹಾಕಿಸ್ಕೊಂಡಾರ." ನನ್ನ ತಾಯಿ ಫಕೀರಬಿ ಮಾತಿಗೆ ಮುಂಚೆ ಕಣ್ಣೀರು ಹಾಕುವವಳಲ್ಲ, ಅವತ್ತು ಹಾಕಿದಳು. "ಡಾಕ್ಟರು ನರ ಸತ್ತಾವ ಅಂದ್ರು. ಮಷಿನ್ ಹಾಕ್ಕೊಂಡ್ರ ಅಷ್ಟಿಷ್ಟು ಕೇಳ್ತೈತಂತ. ರೇಡಿಯೋ ರಿಪೇರಿ ಮಾಡೋನ ಕಿವ್ಯಾಗ ಮಷಿನ್ ಕಂಡ್ರ ನನ್ನ ಕೈಯಾಗ ಯಾರು ರೇಡಿಯೋ ಕೊಡ್ತಾರ, ಅಂತಾರ. ಆ ಅಂಗಡಿ ಹೋದ್ರ ಈ ಮನುಷ್ಯ ಉಳಿಯಾಂಗಿಲ್ಲ ಫರ್ಜಾನಾ."

ಅಮ್ಮಿ ಅತಿ ಮಾಡಿ ಹೇಳುತ್ತಿರಲಿಲ್ಲ. ಕ್ರಷರಿನ ನಾಲ್ಕು ವರ್ಷ ಅಬ್ಬಾ ಹೇಗಿದ್ದರು ಅಂತ ನೋಡಿದವರು ನಾವು. ಸೋಮವಾರ ಕುರುಗೋಡಿನಲ್ಲಿ, ಅಷ್ಟು ಮಂದಿಯ ಮುಂದೆ, ರೇಡಿಯೋ ಮತ್ತೆ ತೆಲುಗು ಮಾತಾಡಿದರೆ ಕಥೆ ಮುಗಿಯಿತು. ಇಂಥ ಸುದ್ದಿ ಸಿರುಗುಪ್ಪ ತಲುಪಲು ಒಂದು ಬಸ್ಸು ಸಾಕು.

ಬುಧವಾರ ಕಾಲೇಜಿಗೆ ರಜೆ ಹಾಕಿ, ಲ್ಯಾಪ್‌ಟಾಪ್ ಮತ್ತು ನನ್ನ ರಿಸೀವರ್ ತೆಗೆದುಕೊಂಡು ಅಂಗಡಿಗೆ ಹೋದೆ. ಅಬ್ಬಾನ ಭುಜ ಮುಟ್ಟಿದೆ. ಎದುರಿಗೆ ಸ್ಟೂಲ್ ಎಳೆದು ಕೂತು, ತುಟಿ ಕಾಣುವಂತೆ ನಿಧಾನವಾಗಿ, "ನನಗ ಗೊತ್ತಾತು," ಅಂದೆ. ಅವರು ಕೈಯಲ್ಲಿದ್ದ ಬ್ರಶ್ ಕೆಳಗಿಟ್ಟರು.

"ನಿಮ್ಮಮ್ಮಿ ಹೇಳಿದ್ಲೇನು?"

"ಚೀಟಿ ಹೇಳಿದ್ವು."

ಅಬ್ಬಾ ಬೈಯುತ್ತಾರೆ ಅಂದುಕೊಂಡಿದ್ದೆ. "ಬರೀಲಾರದ ಇರಾಕ ಆಗ್ಲಿಲ್ಲ," ಅಂದರು. ನಾನು ಸಮಾಧಾನದ ಮಾತು ಹುಡುಕುವ ಗೋಜಿಗೆ ಹೋಗದೆ ಲ್ಯಾಪ್‌ಟಾಪ್ ತೆರೆದು ಅವರ ಮುಂದೆ ತಿರುಗಿಸಿದೆ.

ಪರದೆಯ ಮೇಲೆ ಪ್ರತಿ ಸ್ಟೇಷನ್ನೂ ಒಂದು ಬೆಳಗುವ ಗೆರೆಯಾಗಿ ಕಾಣುತ್ತದೆ, ಮೇಲಿನಿಂದ ಕೆಳಕ್ಕೆ ಇಳಿಯುತ್ತಾ ಹೋಗುತ್ತದೆ. ಅಲ್ಲಿ ಮಾತಾಡುವವರು ಸುಮ್ಮನಾದರೆ ಗೆರೆಯ ಅಕ್ಕಪಕ್ಕದ ಮಂಜು ಕರಗುತ್ತದೆ, ಮಾತಾಡಿದರೆ ಮತ್ತೆ ಹಬ್ಬುತ್ತದೆ. ಕೆಳಗೆ ಆ ಸ್ಟೇಷನ್ನಿನ ತರಂಗದ ಅಂಕಿ ಇರುತ್ತದೆ. ನಾನು ಏಳುನೂರ ಅರವತ್ತೈದರ ಗೆರೆಯ ಮೇಲೆ ಬೆರಳಿಟ್ಟೆ.

"ಧಾರವಾಡ," ಅಂದರು ಅಬ್ಬಾ. ಒಂಬತ್ತುನೂರಕ್ಕೆ ನಾನು ಹೋಗುವ ಮೊದಲೇ, "ಅದು ಕಡಪ," ಅಂದರು. ನಂಬರುಗಳೆಲ್ಲ ಅವರಿಗೆ ಬಾಯಿಪಾಠ. ಪರದೆಗೆ ಮುಖ ತಾಗುವಷ್ಟು ಬಗ್ಗಿದರು. "ಮಾತಾಡಾಕತ್ತಾರಲ್ಲೇ," ಅಂದರು. "ನಿಲ್ಲಿಸಿದ್ರು. ಈಗ ಹಾಡು." ನಾನು ಹೆಡ್‌ಫೋನಿನಲ್ಲಿ ಕೇಳುತ್ತಿದ್ದೆ. ನಿಜಕ್ಕೂ ಹಾಡು ಶುರುವಾಗಿತ್ತು.

ಆಮೇಲೆ ಅವರು ಅಭ್ಯಾಸಬಲದಿಂದ ಕೊಟ್ಟೂರಪ್ಪನವರ ರೇಡಿಯೋ ಹಚ್ಚಿ ಗುಂಡಿ ತಿರುಗಿಸಿದರು. ಪರದೆಯ ಮೂಲೆಯಲ್ಲಿ ಒಂದು ತೆಳು ಗೆರೆ ಹೊರಳಿತು. ಅಬ್ಬಾ ಕೈ ನಿಲ್ಲಿಸಿದರು, ಗೆರೆ ನಿಂತಿತು. ಹಿಂದಕ್ಕೆ ತಿರುಗಿಸಿದರು, ಗೆರೆ ಹಿಂದಕ್ಕೆ ಬಂತು.

"ಅದು ಗದ್ಲ ಅಬ್ಬಾ," ಅಂದೆ. "ಹಳೇ ರೇಡಿಯೋ ಪಕ್ಕಕ್ಕಿದ್ರ ಬರ್ತೈತಿ. ತೆಗಿಯಾಕ ಎಷ್ಟು ಒದ್ದಾಡೀನಿ ಗೊತ್ತೇನು."

ಅಬ್ಬಾ ನನ್ನ ತುಟಿ ಓದಿ, ಎಷ್ಟೋ ದಿನದ ಮೇಲೆ, ನನ್ನನ್ನು ದಡ್ಡಿಯ ಹಾಗೆ ನೋಡಿದರು. ನನಗೆ ಜೀವ ಬಂದಂತಾಯಿತು.

"ಲೇ, ಕಾಲೇಜಿನ್ಯಾಗ ಏನ್ ಕಲಿಸ್ತೀಯಲೇ ನೀನು? ಹಳೇ ರೇಡಿಯೋ ಬರೇ ಕೇಳಂಗಿಲ್ಲ. ಕೇಳುವಾಗ ತಾನೂ ಸಣ್ಣಗ ಒಂದು ಸೊಲ್ಲು ಬಿಡ್ತಿರ್ತೈತಿ. ಮೊದ್ಲೆಲ್ಲಾ ಎರಡು ರೇಡಿಯೋ ಬಾಜೂಕ ಇಟ್ರ ಸೀಟಿ ಹೊಡೀತಿದ್ವಲ್ಲ, ಅದಕ್ಕ. ಯಾವ ಸ್ಟೇಷನ್ನಿಗೆ ಕುಂತೈತಿ, ಅದಕ್ಕ ನಾಕುನೂರ ಐವತ್ತೈದು ಕೂಡಿಸು, ಇಂಥಾ ರೇಡಿಯೋಕ್ಕೆಲ್ಲಾ ಅದ ಲೆಕ್ಕ. ಅಲ್ಲಿ ಆ ಸೊಲ್ಲು ಇರ್ತೈತಿ."

ಪುಸ್ತಕದಲ್ಲಿ ನಾನು ಓದಿದ್ದೇ. ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಯುವುದೇ. ಆ ತೆಳು ಗೆರೆ ಅದೇ ಅಂತ ಎಂಟು ತಿಂಗಳಲ್ಲಿ ನನ್ನ ತಲೆಗೆ ಹೋಗಿರಲಿಲ್ಲ. ಅಬ್ಬಾ ಆಗಲೇ ಲೆಕ್ಕ ಮಾಡಿ ಮುಗಿಸಿದ್ದರು. ಏಳುನೂರ ಅರವತ್ತೈದಕ್ಕೆ ನಾಲ್ಕುನೂರ ಐವತ್ತೈದು ಸೇರಿದರೆ ಸಾವಿರದ ಇನ್ನೂರ ಇಪ್ಪತ್ತು. ಗುಂಡಿ ತಿರುಗಿಸುತ್ತಾ ತೆಳು ಗೆರೆಯನ್ನು ಕೂದಲೆಳೆಯಷ್ಟೂ ತಪ್ಪದೆ ಸಾವಿರದ ಇನ್ನೂರ ಇಪ್ಪತ್ತಕ್ಕೆ ತಂದು ನಿಲ್ಲಿಸಿದರು. ಮುಳ್ಳನ್ನು ಗಾಜಿನ ಮೇಲಿನ ಧಾರವಾಡದ ಗುರುತಿಗೆ ಸರಿಸಿ ದಾರಕ್ಕೆ ಸಿಕ್ಕಿಸಿ ಮೇಲೊಂದು ಹನಿ ಅರಗು ಬಿಟ್ಟರು. ಅಲ್ಲಿಯ ತನಕ ಸ್ಪೀಕರಿನ ತಂತಿ ಬಿಚ್ಚಿಯೇ ಇತ್ತು. ನಾನು ಅದನ್ನು ಜೋಡಿಸಿದೆ, ಧಾರವಾಡ ಕನ್ನಡದಲ್ಲಿ ಮಾತಾಡಿತು. ಅಬ್ಬಾ ನನ್ನ ಮುಖದಲ್ಲಿ ಅದನ್ನು ಓದಿಕೊಂಡರು.

ಉಳಿದ ನಾಲ್ಕು ರೇಡಿಯೋಗಳನ್ನೂ ಅವತ್ತೇ ಸರಿ ಮಾಡಿದರು. ಊಟಕ್ಕೂ ಏಳಲಿಲ್ಲ.

ಆದರೂ ಕುರುಗೋಡಿನ ಭಯ ಹೋಗಲಿಲ್ಲ. ಜೀಪಿನಲ್ಲಿ ಕುಲುಕಾಡಿ ಮುಳ್ಳು ಮತ್ತೆ ಸರಿದರೆ? ಅಲ್ಲಿ ಮಂದಿಯ ಮುಂದೆ ಲ್ಯಾಪ್‌ಟಾಪ್ ತೆಗೆಯಲು ಅಬ್ಬಾ ಒಪ್ಪಲಿಲ್ಲ. ನನಗಿದೆಲ್ಲ ಗೊತ್ತಾಗಿದ್ದು ಬೇರೆ, ಊರಿಗೆ ಗೊತ್ತಾಗುವುದು ಬೇರೆ ಅಂದರು. ಕೊನೆಗೆ ಒಂದು ಸನ್ನೆ ಮಾಡಿಕೊಂಡೆವು. ಕನ್ನಡ ಬಂದರೆ ನಾನು ದುಪಟ್ಟಾ ತಲೆಯ ಮೇಲೆ ಎಳೆದುಕೊಳ್ಳುವುದು, ಆಗ ಅವರು ಧಾರವಾಡ ಬಂತು ಅನ್ನುವುದು. "ತೆಲುಗು ಬಂದ್ರ ಕೆಮ್ತೀನಿ," ಅಂದೆ. ಅಂದ ಮೇಲೆ ನನಗೇ ನಗು ಬಂತು. ಅಬ್ಬಾಗೆ ಅರ್ಥವಾಗಿ ಅವರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಕೊಟ್ಟೂರಪ್ಪನವರ ಹೊಸ ಮನೆಯಲ್ಲಿ ನೆಲ, ಗೋಡೆ, ಮೆಟ್ಟಿಲು ಎಲ್ಲಾ ಗ್ರಾನೈಟು. ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟರೆ ಜಾರುತ್ತದೆ. ಸಂಜೆ ಆರೂವರೆಯ ಹೊತ್ತು, ಹಾಲ್‌ನಲ್ಲಿ ನಲವತ್ತು ಜನರಾದರೂ ಇದ್ದರು. ಕೊಟ್ಟೂರಪ್ಪನವರ ತಾಯಿ ದಾಕ್ಷಾಯಣಮ್ಮ, ಎಂಬತ್ತರ ಹತ್ತಿರದವರು, ಸೋಫಾ ಬೇಡವೆಂದು ಮರದ ಕುರ್ಚಿ ಹಾಕಿಸಿಕೊಂಡು ರೇಡಿಯೋದ ಎದುರಿಗೇ ಕೂತಿದ್ದರು. ಅಬ್ಬಾ ಗುಂಡಿ ಒತ್ತಿದರು. ವಾಲ್ವ್ ಬಿಸಿಯಾಗಲು ಅರ್ಧ ನಿಮಿಷ ಬೇಕು. ಅಷ್ಟು ಹೊತ್ತೂ ಎಲ್ಲರೂ ರೇಡಿಯೋ ನೋಡುವುದು ಬಿಟ್ಟು ಅಬ್ಬಾನ ಮುಖವನ್ನೇ ನೋಡುತ್ತಿದ್ದರು.

ಸದ್ದು ಬಂತು. ಒಬ್ಬ ಗಂಡಸು ಮೆಣಸಿನ ಸಸಿ ನಾಟಿ ಮಾಡುವುದನ್ನು ಹೇಳುತ್ತಿದ್ದ, ಸ್ವಚ್ಛವಾದ ಕನ್ನಡದಲ್ಲಿ. ನಾನು ದುಪಟ್ಟಾ ತಲೆಯ ಮೇಲೆ ಎಳೆದುಕೊಂಡೆ. ಅಬ್ಬಾ ನೋಡಿದರು. ಇನ್ನು ಎರಡು ಮಾತು ಅಂದರೆ ಮುಗಿಯುತ್ತಿತ್ತು. ಅವರು ಮೀಸೆ ತೀಡಿಕೊಂಡರು. ಮತ್ತೊಮ್ಮೆ ಸನ್ನೆ ಮಾಡಿದೆ, ಅವರು ನನ್ನ ಕಡೆ ನೋಡುವುದನ್ನೇ ಬಿಟ್ಟರು. ದಾಕ್ಷಾಯಣಮ್ಮನವರ ಕಡೆ ತಿರುಗಿದರು.

"ಅಮ್ಮಾರ, ನನಗ ಕೇಳ್ಸಂಗಿಲ್ಲ," ಅಂದರು. "ಹೋದ ಸಲ ನಾ ಕೇಳ್ಲಾರ್ದ ಮುಳ್ಳು ಇಟ್ಟಿದ್ದೆ, ಅದಕ್ಕ ನಿಮಗ ಕಡಪ ಬಂತು. ತಪ್ಪು ನಂದು. ಈ ಸಲ ನನ್ನ ಮಗಳು ಮಾಡಿದ ಮಷಿನ್ನಿನ್ಯಾಗ ಕಣ್ಣಿಂದ ನೋಡಿ ಇಟ್ಟೀನಿ. ಬಂದದ್ದು ಯಾವ ಭಾಷಿ, ನೀವು ಹೇಳ್ಬೇಕು."

ಹಾಲ್‌ನಲ್ಲಿ ಮೆಣಸಿನ ಸಸಿಯವನು ಮಾತಾಡುತ್ತಲೇ ಇದ್ದ. ಕೊಟ್ಟೂರಪ್ಪನವರ ನಗು ಅರ್ಧಕ್ಕೆ ನಿಂತಿತ್ತು. ಹಿಂದೆ ಯಾರೋ, ಕಿವಿ ಇಲ್ದಾಂವ ರೇಡಿಯೋ ರಿಪೇರಿ ಮಾಡ್ಯಾನಂತ, ಅಂದು ಕಿಸಕ್ಕೆಂದರು. ತಿರುಗಿ ನಾಲ್ಕು ಮಾತು ಅಂದೇಬಿಡುವುದು ಅಂತಿದ್ದೆ, ಅಷ್ಟರಲ್ಲಿ ದಾಕ್ಷಾಯಣಮ್ಮ ಕುರ್ಚಿಯನ್ನು ಗರಗರ ಎಳೆದುಕೊಂಡು ಬಂದು ಅಬ್ಬಾನ ಮುಖದ ಎದುರಿಗೆ ಕೂತರು.

"ಕನ್ನಡ," ಅಂದರು, ಬಾಯಿ ದೊಡ್ಡದಾಗಿ ತೆರೆದು. ಅಬ್ಬಾಗೆ ತಿಳಿಯಿತು. ಮುಖವೆಲ್ಲ ಹಿಗ್ಗಿತು. ದಾಕ್ಷಾಯಣಮ್ಮ ಅಲ್ಲಿಗೆ ನಿಲ್ಲಿಸಲಿಲ್ಲ. "ದೇಶನೂರಾಗ ನಮ್ಮ ತವರುಮನ್ಯಾಗ ಇಂಥಾದ್ದ ಇನ್ನೊಂದು ಐತಿ. ಹತ್ತು ವರ್ಷದಿಂದ ಮೂಕಾಗೈತಿ. ನಿಮ್ಮ ಕಡಿಗೆ ಕಳಿಸ್ತೀನಿ, ಮಾಡಿ ಕೊಡ್ತೀರೇನು?"

ಇಷ್ಟುದ್ದದ ಮಾತನ್ನು ತುಟಿಯ ಮೇಲೆ ಹಿಡಿಯುವುದು ಅಬ್ಬಾನ ಕೈಲಾಗಲಿಲ್ಲ. ಇಂಥ ಹೊತ್ತಿನಲ್ಲಿ ನಕ್ಕು ತಲೆಯಾಡಿಸಿ ಜಾರಿಕೊಳ್ಳುವುದನ್ನು ಅವರು ಎರಡು ವರ್ಷದಲ್ಲಿ ಚೆನ್ನಾಗಿ ಕಲಿತಿದ್ದರು. ಅವತ್ತು ನನ್ನ ಕಡೆ ತಿರುಗಿದರು. ತಮ್ಮ ಧ್ವನಿ ಎಷ್ಟು ಜೋರು ಅನ್ನುವುದು ಅವರಿಗೇ ತಿಳಿಯದೆ ಹಾಲ್‌ನಲ್ಲಿದ್ದವರಿಗೆಲ್ಲ ಕೇಳುವಂತೆ, "ಏನಂದ್ರು?" ಅಂದರು.

ಎರಡು ವರ್ಷದಲ್ಲಿ ಅಬ್ಬಾ ಈ ಮಾತನ್ನು ಯಾರ ಹತ್ತಿರವೂ ಆಡಿರಲಿಲ್ಲ. ನಾನು ಹೋಗಿ ಅವರ ಎದುರಿಗೆ ನಿಂತು ದಾಕ್ಷಾಯಣಮ್ಮ ಹೇಳಿದ್ದನ್ನು ನಿಧಾನವಾಗಿ ಹೇಳಿದೆ. ಮೂರು ಸಲ ಹೇಳಬೇಕಾಯಿತು. ನನಗೆ ಸಿಟ್ಟು ಬರಲಿಲ್ಲ.